ಟ್ರಸ್ಟ್ ಮಾಡೋಣ ಅಂತಿದ್ದೀರಾ? ಡೀಡ್ ಬರೆಯುವುದರಿಂದ 80ಜಿ ಪಡೆಯುವವರೆಗೆ

ನಮ್ಮೂರಿನ ಸರ್ಕಾರಿ ಹೈಸ್ಕೂಲಿನಲ್ಲಿ ಓದಿದ ಒಂಬತ್ತು ಜನ ಸೇರಿ ಗ್ರಂಥಾಲಯಕ್ಕಾಗಿ ಟ್ರಸ್ಟ್ ಮಾಡಲು ಹೊರಟೆವು. ಮೊದಲ ಎರಡು ಭಾನುವಾರ ಹೆಸರಿನ ಚರ್ಚೆಗೇ ಹೋಯಿತು. ಮೂರನೇ ಭಾನುವಾರ ಲೋಗೊ. ಅಷ್ಟರಲ್ಲಿ ವಾಟ್ಸಾಪ್ ಗುಂಪಿನಲ್ಲಿ 64 ಸಾವಿರ ರೂಪಾಯಿ ಸೇರಿತ್ತು, ಅದೂ ಗೆಳೆಯನೊಬ್ಬನ ಸ್ವಂತ ಸೇವಿಂಗ್ಸ್ ಅಕೌಂಟಿನಲ್ಲಿ. ಅದು ಯಾರ ದುಡ್ಡು, ಅವನ ಲೆಕ್ಕದಲ್ಲಿ ಏನಂತ ತೋರಿಸಬೇಕು ಎಂದು ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ. ಕೇಳಿದ್ದು ಅವನ ಆಡಿಟರ್, ರಿಟರ್ನ್ಸ್ ಹಾಕುವ ಹೊತ್ತಿನಲ್ಲಿ. ನೆಂಟರಲ್ಲದವರಿಂದ ವರ್ಷಕ್ಕೆ 50,000 ರೂಪಾಯಿಗಿಂತ ಜಾಸ್ತಿ ಉಡುಗೊರೆ ಬಂದರೆ ಅಷ್ಟೂ ಹಣ ಅವನ ಆದಾಯ ಎಂದು ತೆರಿಗೆ ಇಲಾಖೆ ಲೆಕ್ಕ ಹಾಕುತ್ತದೆ. ಪಾಪ, ಗ್ರಂಥಾಲಯಕ್ಕೆ ಪುಸ್ತಕ ತರಲು ಹೊರಟವನು ತೆರಿಗೆ ನೋಟಿಸಿಗೆ ಉತ್ತರ ಬರೆಯುವ ಹಾಗಾಗಿತ್ತು.

ಆ ಗೊಂದಲದಿಂದ ಕಲಿತಿದ್ದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ತೆರಿಗೆ ವಿನಾಯಿತಿ ಸಿಗುವುದೇ ಬಹಳ ಕಷ್ಟ ಎಂದು ಎಲ್ಲರೂ ಹೆದರಿಸುತ್ತಾರೆ. ನನ್ನ ಅನುಭವದಲ್ಲಿ ಅದು ಅಷ್ಟೇನೂ ಕಷ್ಟವಲ್ಲ. ಕಷ್ಟ ಇರುವುದು ಅದಕ್ಕೆ ಮುಂಚೆ ಬರೆಯುವ ಡೀಡಿನಲ್ಲಿ (ಟ್ರಸ್ಟ್ ಹುಟ್ಟಿಸುವ ಪತ್ರದಲ್ಲಿ), ಆಮೇಲೆ ಬರೆಯುವ ರಸೀದಿ ಪುಸ್ತಕದಲ್ಲಿ.

ಸಂಸ್ಥೆ ನಿಜಕ್ಕೂ ಬೇಕಾ?

ವರ್ಷಕ್ಕೊಮ್ಮೆ ಹತ್ತು ಮಕ್ಕಳಿಗೆ ನೋಟ್‌ಬುಕ್ ಕೊಡುವುದಷ್ಟೇ ಉದ್ದೇಶವಾದರೆ ಟ್ರಸ್ಟ್ ಬೇಡ. ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಜೊತೆ ಮಾತಾಡಿ, ಅಂಗಡಿಯಿಂದ ನೇರವಾಗಿ ತಂದುಕೊಡಿ. ಅಥವಾ ಇಂಥದ್ದೇ ಕೆಲಸ ಮಾಡುತ್ತಿರುವ ಟ್ರಸ್ಟಿಗೆ ದೇಣಿಗೆ ಕೊಡಿ. ಸಂಸ್ಥೆ ಹುಟ್ಟಿತು ಅಂದರೆ ಪ್ರತಿ ವರ್ಷ ಲೆಕ್ಕ, ಸಭೆ, ರಿಟರ್ನ್ಸ್, ಆಡಿಟರ್ ಫೀಸು ಇದ್ದೇ ಇರುತ್ತದೆ. ಕೆಲಸ ನಿಲ್ಲಿಸಿದರೂ ಕಾಗದಪತ್ರ ನಿಲ್ಲುವುದಿಲ್ಲ.

ನಾಲ್ಕೈದು ವರ್ಷ ಬಿಡದೆ ಮಾಡುವ ಕೆಲಸ, ಹೊರಗಿನವರಿಂದ ದೇಣಿಗೆ ಎತ್ತಬೇಕು, ಜಾಗ ಬಾಡಿಗೆಗೆ ಪಡೆಯಬೇಕು, ಒಬ್ಬಿಬ್ಬರಿಗೆ ಸಂಬಳ ಕೊಡಬೇಕು ಅನ್ನುವ ಹಾಗಿದ್ದರೆ ಮುಂದಕ್ಕೆ ಓದಿ.

ಟ್ರಸ್ಟ್, ಸಂಘ, ಕಂಪನಿ: ಯಾವುದು?

ನಮ್ಮ ರಾಜ್ಯದಲ್ಲಿ ಮೂರು ದಾರಿಗಳಿವೆ. ಮೂರಕ್ಕೂ ತೆರಿಗೆ ವಿನಾಯಿತಿ ಒಂದೇ ರೀತಿ ಸಿಗುತ್ತದೆ. ಹಾಗಾಗಿ ತೆರಿಗೆ ನೋಡಿ ಆರಿಸಬೇಡಿ. ನಾಳೆ ನಿಮ್ಮಲ್ಲೇ ಜಗಳ ಬಂದರೆ ಯಾರ ಮಾತು ನಡೆಯಬೇಕು ಅನ್ನುವುದನ್ನು ನೋಡಿ ಆರಿಸಿ.

ಸಂಘ ಅಂದರೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಅಡಿ ನೋಂದಾಯಿಸುವುದು. ಕನಿಷ್ಠ 7 ಜನ ಬೇಕು. ಬೈಲಾ ಇರುತ್ತದೆ, ಸದಸ್ಯತ್ವ ಇರುತ್ತದೆ, ಪ್ರತಿ ವರ್ಷ ಸರ್ವಸದಸ್ಯರ ಸಭೆ ಕರೆಯಬೇಕು. ಸಭೆಯಾದ 14 ದಿನಗಳೊಳಗೆ ಆಡಳಿತ ಮಂಡಳಿಯ ಪಟ್ಟಿಯನ್ನೂ ಲೆಕ್ಕಪತ್ರವನ್ನೂ ನೋಂದಣಾಧಿಕಾರಿಗೆ ಕೊಡಬೇಕು. ಇಲ್ಲಿ ಪದಾಧಿಕಾರಿಗಳು ಚುನಾವಣೆಯಿಂದ ಬರುತ್ತಾರೆ. ಅಂದರೆ ಸಂಘ ಕಟ್ಟಿದವರನ್ನೇ ಸದಸ್ಯರು ಮನೆಗೆ ಕಳಿಸಬಹುದು. ಯುವಕ ಸಂಘ, ಕಲಾ ಸಂಘ, ಬಡಾವಣೆ ನಿವಾಸಿಗಳ ಸಂಘ, ಹೀಗೆ ಎಲ್ಲರದ್ದೂ ಆಗಿರಬೇಕಾದ ಕೆಲಸಕ್ಕೆ ಇದೇ ಸರಿ.

ಟ್ರಸ್ಟಿನಲ್ಲಿ ಸದಸ್ಯರೂ ಇಲ್ಲ, ಚುನಾವಣೆಯೂ ಇಲ್ಲ. ಒಬ್ಬರು ಒಂದಿಷ್ಟು ಹಣ ತೆಗೆದಿಟ್ಟು, ಇದನ್ನು ಇಂಥ ಕೆಲಸಕ್ಕೆ ಬಳಸಿ ಎಂದು ಟ್ರಸ್ಟಿಗಳ ಕೈಗೆ ಒಪ್ಪಿಸುತ್ತಾರೆ. ಡೀಡ್ ಬರೆದು ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಾಯಿಸುತ್ತಾರೆ, ಮುಗಿಯಿತು. ಮಹಾರಾಷ್ಟ್ರದಲ್ಲಿರುವ ಹಾಗೆ ಎಲ್ಲ ಸಾರ್ವಜನಿಕ ಟ್ರಸ್ಟುಗಳ ಮೇಲೆ ಕಣ್ಣಿಡುವ ಚಾರಿಟಿ ಕಮಿಷನರ್ ನಮ್ಮಲ್ಲಿಲ್ಲ. ಅದಕ್ಕೇ ಇಲ್ಲಿ ಟ್ರಸ್ಟ್ ಮಾಡುವುದು ಸುಲಭ. ಅದೇ ಕಾರಣಕ್ಕೆ ಟ್ರಸ್ಟಿಗಳೊಳಗೆ ಮುನಿಸು ಬಂದರೆ ಬಗೆಹರಿಸುವುದು ಕಷ್ಟ. ಡೀಡಿನಲ್ಲಿ ದಾರಿ ಬರೆದಿರದಿದ್ದರೆ ಕೋರ್ಟಿಗೇ ಹೋಗಬೇಕು.

ಮೂರನೆಯದು 2013ರ ಕಂಪನಿ ಕಾಯ್ದೆಯ ಸೆಕ್ಷನ್ 8 ಕಂಪನಿ. ಇಬ್ಬರು ಸಾಕು, ಕನಿಷ್ಠ ಬಂಡವಾಳ ಬೇಕಿಲ್ಲ. ಎಲ್ಲಾ ಆನ್‌ಲೈನ್. ದೊಡ್ಡ ಕಂಪನಿಗಳು ಸಮಾಜದ ಕೆಲಸಕ್ಕೆ ಎತ್ತಿಡುವ ಸಿಎಸ್‌ಆರ್ ಹಣ ತರುವ ಯೋಚನೆ ಇದ್ದವರಿಗೆ ಇದು ಇಷ್ಟವಾಗುತ್ತದೆ, ಏಕೆಂದರೆ ಇದರ ಲೆಕ್ಕಪತ್ರವನ್ನು ಯಾರು ಬೇಕಾದರೂ ತೆಗೆದು ನೋಡಬಹುದು. ಆದರೆ ವಾರ್ಷಿಕ ಫಾರಂಗಳನ್ನು ತಡವಾಗಿ ಹಾಕಿದರೆ ಒಂದೊಂದು ಫಾರಂಗೂ ದಿನಕ್ಕೆ 100 ರೂಪಾಯಿ ದಂಡ. ಎರಡು ವರ್ಷ ಮರೆತರೆ ಎಷ್ಟಾಗುತ್ತದೆ ಲೆಕ್ಕ ಹಾಕಿ. ಸಣ್ಣ ಊರಿನಲ್ಲಿ ಸಣ್ಣ ಕೆಲಸ ಮಾಡುವವರಿಗೆ ನಾನಂತೂ ಇದನ್ನು ಹೇಳುವುದಿಲ್ಲ.

ನಾವು ಟ್ರಸ್ಟ್ ಆರಿಸಿಕೊಂಡೆವು. ಇನ್ನು ಮುಂದೆ ಬರುವ ವಿವರ ಟ್ರಸ್ಟಿನದ್ದು. ಪಾನ್ ಕಾರ್ಡಿನಿಂದ ಆಚೆಗಿನ ಮಾತು ಮೂರಕ್ಕೂ ಅನ್ವಯಿಸುತ್ತದೆ.

ಡೀಡ್: ಇಲ್ಲಿ ಅವಸರ ಬೇಡ

ಸಬ್ ರಿಜಿಸ್ಟ್ರಾರ್ ಆಫೀಸಿನ ಎದುರು ಟೈಪಿಂಗ್ ಅಂಗಡಿಗಳಿರುತ್ತವೆ. ಅಲ್ಲಿ ಟ್ರಸ್ಟ್ ಡೀಡ್ ಅಂದರೆ ಕಂಪ್ಯೂಟರಿನಿಂದ ಒಂದು ಹಳೇ ಫೈಲ್ ತೆಗೆದು, ಹೆಸರು ಬದಲಿಸಿ, ಪ್ರಿಂಟ್ ಕೊಡುತ್ತಾರೆ. ನಾವೂ ಮೊದಲು ಹಾಗೇ ಮಾಡಿಸಿದೆವು. ಓದಿ ನೋಡಿದರೆ ನಮ್ಮ ಟ್ರಸ್ಟಿನ ಉದ್ದೇಶಗಳಲ್ಲಿ ಗೋಶಾಲೆ, ಕಲ್ಯಾಣ ಮಂಟಪ, ಡೆಂಟಲ್ ಕಾಲೇಜು ಎಲ್ಲಾ ಇತ್ತು! ಗ್ರಂಥಾಲಯ ಮಾತ್ರ ಇರಲಿಲ್ಲ.

ನಗು ಬರುತ್ತದೆ, ಆದರೆ ಆದಾಯ ತೆರಿಗೆ ಇಲಾಖೆ ಮುಂದೆ ಓದುವುದು ಇದೇ ಕಾಗದವನ್ನು. ಈ ಕೆಳಗಿನವು ಅದರಲ್ಲಿ ಸ್ಪಷ್ಟವಾಗಿ ಇರಲೇಬೇಕು.

ಉದ್ದೇಶ. ತೆರಿಗೆ ಕಾನೂನು ಯಾವುದನ್ನು ಧರ್ಮಕಾರ್ಯ ಅನ್ನುತ್ತದೆ ಅನ್ನುವುದಕ್ಕೆ ಒಂದು ಪಟ್ಟಿ ಇದೆ. ಬಡವರಿಗೆ ನೆರವು, ಶಿಕ್ಷಣ, ಯೋಗ, ವೈದ್ಯಕೀಯ ನೆರವು, ಪರಿಸರ ರಕ್ಷಣೆ, ಸ್ಮಾರಕ ಮತ್ತು ಕಲಾವಸ್ತುಗಳ ರಕ್ಷಣೆ. ಇವಿಷ್ಟೂ ಅಲ್ಲದ ಬೇರೆ ಸಾರ್ವಜನಿಕ ಉಪಯೋಗದ ಕೆಲಸ ಕೊನೆಯ ಬಾಬ್ತು. ಈ ಕೊನೆಯದರಲ್ಲಿ ಬಿದ್ದರೆ ಒಂದು ತೊಡಕಿದೆ. ವ್ಯಾಪಾರದ ರೀತಿಯ ಆದಾಯ ಒಟ್ಟು ಆದಾಯದ 20% ದಾಟುವ ಹಾಗಿಲ್ಲ. ಹಾಗಾಗಿ ನಿಮ್ಮ ಕೆಲಸ ಶಿಕ್ಷಣವೇ ಆಗಿದ್ದರೆ ಶಿಕ್ಷಣ ಎಂದೇ ಬರೆಯಿರಿ, ಸಮಾಜದ ಸರ್ವತೋಮುಖ ಅಭಿವೃದ್ಧಿ ಅಂತೆಲ್ಲ ಹಿಗ್ಗಿಸಬೇಡಿ. ಮೂರು ನಾಲ್ಕು ಉದ್ದೇಶ ಸಾಕು.

ಯಾರಿಗೆ. ಇದು ನಮ್ಮ ಕಡೆ ಬಹಳ ಜನ ಎಡವುವ ಜಾಗ. ಒಂದು ಜಾತಿಯ ಅಥವಾ ಒಂದು ಧರ್ಮದವರ ಅನುಕೂಲಕ್ಕೆ ಮಾತ್ರ ಎಂದು ಮಾಡಿದ ಟ್ರಸ್ಟಿಗೆ ವಿನಾಯಿತಿ ಕೈತಪ್ಪುತ್ತದೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಮಹಿಳೆಯರು ಮತ್ತು ಮಕ್ಕಳಿಗಾಗಿ ಮಾಡಿದ್ದಕ್ಕೆ ಈ ಅಡ್ಡಿ ಇಲ್ಲ. ನಮ್ಮ ಸಮಾಜದ ವಿದ್ಯಾರ್ಥಿಗಳಿಗೆ ಹಾಸ್ಟೆಲ್ ಎಂದು ಡೀಡಿನಲ್ಲಿ ಬರೆದು, ಆಮೇಲೆ ಅರ್ಜಿ ತಿರಸ್ಕಾರವಾಯಿತು ಎಂದು ಓಡಾಡುವವರನ್ನು ನೋಡಿದ್ದೇನೆ. ಜಾತಿ, ಮತ, ಲಿಂಗ ಭೇದವಿಲ್ಲದೆ ಎಲ್ಲರಿಗೂ ಎಂಬ ಒಂದು ಸಾಲು ಸೇರಿಸಿ. ಸೇರಿಸಿದ ಮೇಲೆ ಹಾಗೇ ನಡೆದುಕೊಳ್ಳಿ, ಏಕೆಂದರೆ ಫಲಾನುಭವಿಗಳ ಪಟ್ಟಿಯನ್ನೂ ಕೇಳುತ್ತಾರೆ.

ವಾಪಸ್ ಪಡೆಯುವ ಹಾಗಿಲ್ಲ. ಟ್ರಸ್ಟ್ ಮಾಡಿದವರು ಕೊಟ್ಟ ಹಣವನ್ನೋ ಆಸ್ತಿಯನ್ನೋ ಮುಂದೆಂದೂ ಹಿಂದಕ್ಕೆ ಕೇಳುವ ಹಾಗಿಲ್ಲ, ಇದು ಹಿಂಪಡೆಯಲಾಗದ ಟ್ರಸ್ಟ್ ಎಂದು ಇರಬೇಕು.

ಮುಚ್ಚಿದರೆ ಏನು. ಉಳಿದ ಹಣ, ಆಸ್ತಿ ಎಲ್ಲವೂ ಇಂಥದ್ದೇ ಉದ್ದೇಶದ, ತೆರಿಗೆ ವಿನಾಯಿತಿ ಇರುವ ಇನ್ನೊಂದು ಸಂಸ್ಥೆಗೆ ಹೋಗಬೇಕು, ಟ್ರಸ್ಟಿಗಳು ಹಂಚಿಕೊಳ್ಳುವ ಹಾಗಿಲ್ಲ. ಈ ಕಲಂ ಇಲ್ಲದ ಡೀಡನ್ನು ಇಲಾಖೆ ಒಪ್ಪಿಕೊಳ್ಳುವುದು ಕಷ್ಟ. ಮದುವೆ ಮಾಡುವ ದಿನವೇ ಸಾವಿನ ಮಾತು ಯಾಕೆ ಎಂದು ನಮ್ಮ ಗುಂಪಿನ ಹಿರಿಯರೊಬ್ಬರು ಬೇಜಾರು ಮಾಡಿಕೊಂಡರು. ಬೇಜಾರಾದರೂ ಬರೆಯಲೇಬೇಕು.

ಇದರ ಜೊತೆಗೆ: ಹಣವನ್ನು ಭಾರತದೊಳಗೆ ಮಾತ್ರ ಬಳಸುವುದು, ಲಾಭ ಹಂಚುವುದಿಲ್ಲ, ಲೆಕ್ಕದ ವರ್ಷ ಏಪ್ರಿಲ್‌ನಿಂದ ಮಾರ್ಚ್, ಪ್ರತಿ ವರ್ಷ ಆಡಿಟ್, ಬ್ಯಾಂಕ್ ಖಾತೆಗೆ ಇಬ್ಬರ ಸಹಿ. ಇನ್ನು ಟ್ರಸ್ಟಿಗಳ ವಿಚಾರ. ಎಷ್ಟು ವರ್ಷದ ಅವಧಿ, ಒಬ್ಬರು ತೀರಿಕೊಂಡರೆ ಅಥವಾ ಬಿಟ್ಟುಹೋದರೆ ಹೊಸಬರನ್ನು ಆರಿಸುವುದು ಹೇಗೆ, ಸತತ ಮೂರು ಸಭೆಗೆ ಬಾರದವರನ್ನು ತೆಗೆಯಬಹುದೇ, ಓಟು ಸಮಸಮ ಆದರೆ ಯಾರದ್ದು ಕೊನೆ ಮಾತು, ಎಲ್ಲವನ್ನೂ ಬರೆಯಿರಿ. ಇವತ್ತು ಎಲ್ಲರೂ ಜೀವದ ಗೆಳೆಯರೇ, ಅಲ್ವಾ? ಅದಕ್ಕೇ ಇವತ್ತೇ ಬರೆಯಬೇಕು. ಡೀಡನ್ನು ಆಮೇಲೆ ತಿದ್ದುವ ಅಧಿಕಾರವನ್ನೂ ಅದರಲ್ಲೇ ಬರೆದಿಟ್ಟುಕೊಳ್ಳಿ. ಇಲ್ಲದಿದ್ದರೆ ಒಂದು ಪದ ಬದಲಿಸಲೂ ಕೋರ್ಟ್ ಮೆಟ್ಟಿಲು ಹತ್ತಬೇಕಾದೀತು.

ಟ್ರಸ್ಟಿಗಳು ಎಷ್ಟು ಜನ? ಇಬ್ಬರು ಇದ್ದರೂ ನಡೆಯುತ್ತದೆ. ಐದು ಒಳ್ಳೆಯದು. ಒಂದೇ ಮನೆಯ ಗಂಡ, ಹೆಂಡತಿ, ಮಗ ಸೇರಿ ಮಾಡಿದ ಟ್ರಸ್ಟ್ ಕಾನೂನಿನಲ್ಲಿ ತಪ್ಪಲ್ಲ. ಆದರೆ ಅದನ್ನು ನೋಡಿ ದೇಣಿಗೆ ಕೊಡುವವರು ಕಡಿಮೆ.

ನೋಂದಣಿ ದಿನ

ಡೀಡ್ ಸಿದ್ಧವಾದ ಮೇಲೆ ಉಳಿದದ್ದು ಒಂದು ದಿನದ ಕೆಲಸ. ಈಗ ನೋಂದಣಿ ಇಲಾಖೆಯ ಕಾವೇರಿ 2.0 ಪೋರ್ಟಲ್‌ನಲ್ಲಿ ಕರಡು ಹಾಕಿ, ಶುಲ್ಕ ಕಟ್ಟಿ, ದಿನ ಗೊತ್ತುಮಾಡಿಕೊಂಡು ಹೋಗಬೇಕು. ಎಷ್ಟು ಮುದ್ರಾಂಕ ಶುಲ್ಕ ಅನ್ನುವುದು ಟ್ರಸ್ಟಿಗೆ ಇಡುವುದು ಬರೀ ಹಣವೋ ಅಥವಾ ಜಮೀನೋ ಅನ್ನುವುದರ ಮೇಲೆ ಹೋಗುತ್ತದೆ. ಶುರುವಿನಲ್ಲಿ ಸಾವಿರವೋ ಐದು ಸಾವಿರವೋ ಹಣವಿಟ್ಟು ಮಾಡಿ. ನಿವೇಶನ ಕೊಡುವ ಪುಣ್ಯಾತ್ಮರಿದ್ದರೆ ಆಮೇಲೆ ಬೇರೆ ಪತ್ರ ಮಾಡಿಸಬಹುದು.

ಟ್ರಸ್ಟ್ ಮಾಡುವವರು, ಟ್ರಸ್ಟಿಗಳು, ಇಬ್ಬರು ಸಾಕ್ಷಿಗಳು ಆಧಾರ್, ಪಾನ್ ಮತ್ತು ಫೋಟೊ ಜೊತೆ ಹೋಗಬೇಕು. ಕಚೇರಿ ವಿಳಾಸಕ್ಕೆ ಮನೆ ಮಾಲೀಕರ ಒಪ್ಪಿಗೆ ಪತ್ರ, ಕರೆಂಟ್ ಬಿಲ್ ಅಥವಾ ಕಂದಾಯದ ರಸೀದಿ ಇಟ್ಟುಕೊಳ್ಳಿ. ಹೆಸರುಗಳ ಕಾಗುಣಿತ ಆಧಾರಿನಲ್ಲಿ, ಪಾನಿನಲ್ಲಿ, ಡೀಡಿನಲ್ಲಿ ಒಂದೇ ಥರ ಇದೆಯೇ ನೋಡಿ. ನಮ್ಮ ಖಜಾಂಚಿಯ ಇನಿಷಿಯಲ್ ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ ಇತ್ತು. ಅಷ್ಟಕ್ಕೇ ಬ್ಯಾಂಕಿನಲ್ಲಿ ಮೂರು ವಾರ ಓಡಾಡಿದೆವು.

ಟ್ರಸ್ಟಿನ ಹೆಸರಿಗೆ ಪಾನ್ ಮಾಡಿಸಿ, ಮೊದಲ ಸಭೆಯ ಠರಾವು ಬರೆದು, ಬ್ಯಾಂಕ್ ಖಾತೆ ತೆರೆಯಿರಿ. ನಡಾವಳಿ ಪುಸ್ತಕ ಅಂದೇ ಶುರುವಾಗಲಿ. ಇನ್ನು ಮುಂದೆ ಒಂದು ರೂಪಾಯಿಯೂ ಯಾರ ಸ್ವಂತ ಫೋನ್‌ಪೇ ನಂಬರಿಗೂ ಹೋಗಬಾರದು.

12ಎ ಮತ್ತು 80ಜಿ

ಟ್ರಸ್ಟ್ ನೋಂದಣಿಯಾದರೆ ತೆರಿಗೆ ತಾನಾಗೇ ಮಾಫಿ ಎಂದು ತುಂಬಾ ಜನ ತಿಳಿದಿದ್ದಾರೆ. ಇಲ್ಲ. ಸಬ್ ರಿಜಿಸ್ಟ್ರಾರ್‌ಗೂ ಆದಾಯ ತೆರಿಗೆಗೂ ಸಂಬಂಧವೇ ಇಲ್ಲ. ತೆರಿಗೆ ಇಲಾಖೆಗೆ ಬೇರೆ ಅರ್ಜಿ ಹಾಕಬೇಕು, ಅದರಲ್ಲಿ ಎರಡು ಬಗೆ. 12ಎ ಎಂದು ಕರೆಯುವುದು ಟ್ರಸ್ಟಿನ ಆದಾಯಕ್ಕೆ ಸಿಗುವ ವಿನಾಯಿತಿ. 80ಜಿ ಅನ್ನುವುದು ನಿಮಗೆ ದೇಣಿಗೆ ಕೊಟ್ಟವರಿಗೆ ಅವರ ತೆರಿಗೆಯಲ್ಲಿ ಸಿಗುವ ರಿಯಾಯಿತಿ. ಒಂದು ನಿಮಗೆ, ಇನ್ನೊಂದು ಅವರಿಗೆ.

ಒಂದು ಸೂಚನೆ. 2026ರ ಏಪ್ರಿಲ್ 1ರಿಂದ 1961ರ ಹಳೆಯ ಕಾಯ್ದೆ ಹೋಗಿ 2025ರ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದಿದೆ. ಹೊಸದರಲ್ಲಿ ಸಂಸ್ಥೆಯ ನೋಂದಣಿಗೆ ಸೆಕ್ಷನ್ 332, ದೇಣಿಗೆ ರಿಯಾಯಿತಿಗೆ ಸೆಕ್ಷನ್ 133. ಹಾಗಂತ ಆಡಿಟರ್‌ಗಳ ಬಾಯಲ್ಲಿ ಇನ್ನೂ ಎಷ್ಟೋ ವರ್ಷ 12ಎ, 80ಜಿ ಎಂದೇ ಇರುತ್ತದೆ, ನಾನೂ ಹಾಗೇ ಬರೆಯುತ್ತೇನೆ. ಫಾರಂ ನಂಬರನ್ನು ಮಾತ್ರ ಹಳೇ ಲೇಖನ ನೋಡಿ ನೆಚ್ಚಿಕೊಳ್ಳಬೇಡಿ. ಪೋರ್ಟಲ್‌ನಲ್ಲಿ ಅವತ್ತು ಏನಿದೆಯೋ ಅದನ್ನು ಓದಿ ಆರಿಸಿ.

ಅರ್ಜಿ ಹಾಕುವುದು ಆದಾಯ ತೆರಿಗೆಯ ಇ-ಫೈಲಿಂಗ್ ಪೋರ್ಟಲ್‌ನಲ್ಲಿ. ಟ್ರಸ್ಟಿನ ಪಾನ್ ಬಳಸಿ ಲಾಗಿನ್ ಮಾಡಿಕೊಳ್ಳಬೇಕು. ಸರ್ಕಾರಕ್ಕೆ ಕಟ್ಟುವ ಶುಲ್ಕ ಸೊನ್ನೆ. ಎಷ್ಟೋ ಕಡೆ 12ಎ, 80ಜಿ ಪ್ಯಾಕೇಜ್ ಎಂದು ಹತ್ತಾರು ಸಾವಿರ ಕೇಳುತ್ತಾರೆ. ಆಡಿಟರ್ ಅವರ ಶ್ರಮಕ್ಕೆ ಫೀಸು ಕೊಡುವುದು ನ್ಯಾಯ. ಆದರೆ ಒಳಗೆ ಕೊಡಬೇಕು ಸಾರ್ ಅಂದವರ ಹತ್ತಿರ ಹೋಗಲೇಬೇಡಿ. ಹೊಸ ಟ್ರಸ್ಟಿನ ಮೊದಲ ಅರ್ಜಿಯನ್ನು ಯಾವ ಅಧಿಕಾರಿಯ ಮುಂದೆಯೂ ನಿಲ್ಲದೆ ಮನೆಯಲ್ಲೇ ಕೂತು ಮುಗಿಸಬಹುದು.

ಕ್ರಮ ಹೀಗಿದೆ. ಹೊಸ ಸಂಸ್ಥೆ ಇನ್ನೂ ಕೆಲಸ ಶುರು ಮಾಡಿಲ್ಲದಿದ್ದರೆ ತಾತ್ಕಾಲಿಕ ನೋಂದಣಿ ಸಿಗುತ್ತದೆ. ಡೀಡ್, ಪಾನ್, ಟ್ರಸ್ಟಿಗಳ ವಿವರ ಹಾಕಿದರೆ ಸಾಕು. ಹೆಚ್ಚಿನ ಪ್ರಶ್ನೆ ಇಲ್ಲದೆ ಒಂದೆರಡು ತಿಂಗಳಲ್ಲಿ 16 ಅಕ್ಷರ-ಅಂಕಿಗಳ ನೋಂದಣಿ ಸಂಖ್ಯೆ ಬರುತ್ತದೆ. ಇದರ ಆಯಸ್ಸು 3 ವರ್ಷ. 80ಜಿಗೂ ಹೀಗೇ ತಾತ್ಕಾಲಿಕ ಅನುಮೋದನೆ ಸಿಗುತ್ತದೆ, ಎರಡನ್ನೂ ಒಟ್ಟಿಗೇ ಹಾಕಿ. ಆದರೆ ನೀವು ಆಗಲೇ ಶಿಬಿರ ಮಾಡಿ, ದೇಣಿಗೆ ಎತ್ತಿ, ಖರ್ಚು ಮಾಡಿದ್ದರೆ ಈ ಸುಲಭದ ದಾರಿ ಇಲ್ಲ, ನೇರವಾಗಿ ಪೂರ್ಣ ನೋಂದಣಿಗೇ ಹೋಗಬೇಕು. ಅದಕ್ಕೇ ಹೇಳುವುದು, ಉದ್ಘಾಟನೆಗೆ ಶಾಮಿಯಾನ ಹಾಕುವ ಮೊದಲು ಅರ್ಜಿ ಹಾಕಿ.

ತಾತ್ಕಾಲಿಕದಿಂದ ಪೂರ್ಣ ನೋಂದಣಿಗೆ

ಮೂರು ವರ್ಷ ಇದೆಯಲ್ಲ ಎಂದು ಎಲ್ಲರೂ ಮಲಗುವುದು ಇಲ್ಲೇ. ನಿಯಮದಲ್ಲಿ ಎರಡು ಗಡುವು ಇವೆ. ಕೆಲಸ ಶುರುವಾದ 6 ತಿಂಗಳೊಳಗೆ, ಅಥವಾ ತಾತ್ಕಾಲಿಕ ನೋಂದಣಿ ಮುಗಿಯಲು 6 ತಿಂಗಳಿರುವಾಗ, ಇವೆರಡರಲ್ಲಿ ಯಾವುದು ಮೊದಲು ಬರುತ್ತದೋ ಅದೇ ಗಡುವು. ನೀವು ಜೂನ್‌ನಲ್ಲಿ ಮಕ್ಕಳಿಗೆ ಪುಸ್ತಕ ಹಂಚಿದರೆ ಡಿಸೆಂಬರ್ ಒಳಗೆ ಅರ್ಜಿ ಹೋಗಬೇಕು.

ಈ ಸಲದ ಅರ್ಜಿ ಬೆಂಗಳೂರಿನ ವಿನಾಯಿತಿ ವಿಭಾಗದ ಆಯುಕ್ತರ ಹತ್ತಿರ ಹೋಗುತ್ತದೆ, ಅವರು ನಿಜವಾಗಿಯೂ ಓದುತ್ತಾರೆ. ನಮಗೆ ಬಂದ ಪತ್ರದಲ್ಲಿ ಹದಿನಾಲ್ಕು ಪ್ರಶ್ನೆಗಳಿದ್ದವು. ಲೆಕ್ಕಪತ್ರ, ಬ್ಯಾಂಕ್ ಸ್ಟೇಟ್‌ಮೆಂಟ್, ಖರ್ಚಿನ ಬಿಲ್ಲುಗಳು, ದೇಣಿಗೆ ಕೊಟ್ಟವರ ಹೆಸರು ಮತ್ತು ಪಾನ್, ಕಾರ್ಯಕ್ರಮದ ಫೋಟೊ, ಯಾರಿಗೆ ಅನುಕೂಲವಾಯಿತು ಎಂಬ ಪಟ್ಟಿ, ಟ್ರಸ್ಟಿಗಳ ಸಂಬಂಧಿಕರಿಗೆ ಏನಾದರೂ ಹಣ ಹೋಗಿದೆಯೇ ಎಂಬ ವಿವರ. ಉತ್ತರಕ್ಕೆ ಕೊಟ್ಟಿದ್ದು ಎರಡೇ ವಾರ. ನಮ್ಮ ಪುಣ್ಯ, ಗ್ರಂಥಾಲಯ ನೋಡಿಕೊಳ್ಳುವ ಮೇಷ್ಟ್ರು ಮೊದಲ ದಿನದಿಂದಲೂ ಒಂದು ರಿಜಿಸ್ಟರ್ ಇಟ್ಟಿದ್ದರು. ಪುಸ್ತಕ ಒಯ್ದ ಮಗುವಿನ ಹೆಸರು, ತರಗತಿ, ಸಹಿ. ಅದನ್ನೇ ಸ್ಕ್ಯಾನ್ ಮಾಡಿ ಕಳಿಸಿದೆವು. ಬಣ್ಣದ ವಾರ್ಷಿಕ ವರದಿಗಿಂತ ಆ ಹಳೇ ರಿಜಿಸ್ಟರೇ ಕೆಲಸಕ್ಕೆ ಬಂತು ಅನ್ನುವುದು ನನ್ನ ನಂಬಿಕೆ.

ಇಲಾಖೆಯ ಪತ್ರ ಬರುವುದು ಇಮೇಲಿಗೆ ಮತ್ತು ಪೋರ್ಟಲಿಗೆ. ಆಡಿಟರ್ ಆಫೀಸಿನ ಇಮೇಲ್ ಕೊಟ್ಟು ಮರೆತುಬಿಡಬೇಡಿ. ಟ್ರಸ್ಟಿಗೇ ಒಂದು ಇಮೇಲ್ ಮಾಡಿ, ಇಬ್ಬರು ನೋಡುವ ಹಾಗಿರಲಿ. ಉತ್ತರವನ್ನೇ ಕೊಡದೆ ಅರ್ಜಿ ತಿರಸ್ಕಾರವಾದವರು ಬಹಳ ಜನ ಇದ್ದಾರೆ.

ಪೂರ್ಣ ನೋಂದಣಿ 5 ವರ್ಷಕ್ಕೆ ಸಿಗುತ್ತದೆ. ಹಿಂದಿನ ಎರಡು ವರ್ಷಗಳಲ್ಲಿ ಒಂದರಲ್ಲೂ ಆದಾಯ 5 ಕೋಟಿ ದಾಟದ ಸಂಸ್ಥೆಗೆ 12ಎ ನೋಂದಣಿ 10 ವರ್ಷಕ್ಕೆ. ನಮ್ಮಂಥ ಸಣ್ಣವರಿಗೆಲ್ಲ ಇದೇ ಅನ್ವಯ. ಆದರೆ 80ಜಿ ಅವಧಿ ಬೇರೆ ಇರಬಹುದು, ಆದೇಶದಲ್ಲಿ ಬರೆದ ವರ್ಷಗಳನ್ನು ಎರಡಕ್ಕೂ ಬೇರೆಬೇರೆಯಾಗಿ ನೋಡಿಕೊಳ್ಳಿ. ಅವಧಿ ಮುಗಿಯಲು 6 ತಿಂಗಳಿರುವಾಗಲೇ ನವೀಕರಣಕ್ಕೆ ಹಾಕಬೇಕು. ಮರೆತರೆ ವಿನಾಯಿತಿ ಹೋಗುವುದಷ್ಟೇ ಅಲ್ಲ, ಟ್ರಸ್ಟ್ ಅಷ್ಟು ವರ್ಷ ಕೂಡಿಸಿದ ಆಸ್ತಿಯ ಮೇಲೇ ತೆರಿಗೆ ಬೀಳುವ ನಿಯಮವೊಂದಿದೆ. ಜಾಗ, ಕಟ್ಟಡ ಇರುವ ಟ್ರಸ್ಟುಗಳು ಇದನ್ನು ಗೋಡೆ ಮೇಲೆ ಬರೆದಿಟ್ಟುಕೊಳ್ಳಲಿ.

ದೇಣಿಗೆ ತೆಗೆದುಕೊಳ್ಳುವಾಗ

80ಜಿ ಸಿಕ್ಕಿತು ಎಂದ ತಕ್ಷಣ ಕೊಡುವವರೆಲ್ಲ ಕೇಳುತ್ತಾರೆ, ನನಗೆಷ್ಟು ಉಳಿಯುತ್ತೆ? ಸಾಮಾನ್ಯವಾಗಿ ಕೊಟ್ಟ ಹಣದ 50% ಅವರ ಆದಾಯದಿಂದ ಕಳೆಯುತ್ತಾರೆ, ಅದಕ್ಕೂ ಆದಾಯದ 10% ಎಂಬ ಮಿತಿ ಇದೆ. ಆದರೆ ಒಂದು ವಿಷಯವನ್ನು ಮುಚ್ಚಿಡಬೇಡಿ: ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೆ 80ಜಿ ರಿಯಾಯಿತಿ ಇಲ್ಲ. ಇವತ್ತು ಸಂಬಳದವರಲ್ಲಿ ತುಂಬಾ ಜನ ಹೊಸ ಪದ್ಧತಿಗೇ ಹೋಗಿದ್ದಾರೆ. ತೆರಿಗೆ ಉಳಿಯುತ್ತೆ ಎಂದು ಆಸೆ ತೋರಿಸಿ ದೇಣಿಗೆ ಎತ್ತಿದರೆ ಮಾರ್ಚ್ ಕಳೆದ ಮೇಲೆ ಬೈಸಿಕೊಳ್ಳುತ್ತೀರಿ.

ನಗದಾಗಿ 2,000 ರೂಪಾಯಿಗಿಂತ ಜಾಸ್ತಿ ಕೊಟ್ಟರೆ ಅವರಿಗೆ ರಿಯಾಯಿತಿ ಸಿಗುವುದಿಲ್ಲ. ಅಕ್ಕಿ ಮೂಟೆ, ಕಂಪ್ಯೂಟರ್, ಹಳೇ ಪುಸ್ತಕ ಕೊಟ್ಟರೂ ಸಿಗುವುದಿಲ್ಲ. ದಾನಿಯ ಹೆಸರು, ವಿಳಾಸ, ಪಾನ್ ರಸೀದಿಯಲ್ಲಿ ಬರೆದುಕೊಳ್ಳಿ. ಹೆಸರು ಹೇಳಲು ಇಷ್ಟವಿಲ್ಲ, ಇಟ್ಟುಕೊಳ್ಳಿ ಎಂದು ಕವರ್ ಕೊಡುವ ದೊಡ್ಡ ಮನಸ್ಸಿನವರು ನಮ್ಮಲ್ಲಿ ಇದ್ದಾರೆ. ಅವರ ಮನಸ್ಸು ದೊಡ್ಡದು, ಆದರೆ ಹೆಸರಿಲ್ಲದ ದೇಣಿಗೆ ಒಂದು ಮಿತಿ ದಾಟಿದರೆ ಟ್ರಸ್ಟ್ 30% ತೆರಿಗೆ ಕಟ್ಟಬೇಕು. 1 ಲಕ್ಷ ಅಥವಾ ಒಟ್ಟು ದೇಣಿಗೆಯ 5%, ಇವೆರಡರಲ್ಲಿ ಯಾವುದು ಜಾಸ್ತಿಯೋ ಅದು ಆ ಮಿತಿ.

ವರ್ಷ ಮುಗಿದ ಮೇಲೆ ಮೇ 31ರೊಳಗೆ ಎಲ್ಲಾ ದಾನಿಗಳ ಪಟ್ಟಿಯನ್ನು ಪೋರ್ಟಲಿಗೆ ಹಾಕಬೇಕು. ಹಾಕಿದ ಮೇಲೆ ಅಲ್ಲಿಂದಲೇ ಒಬ್ಬೊಬ್ಬರಿಗೂ ಪ್ರಮಾಣಪತ್ರ ಇಳಿಯುತ್ತದೆ. ದಾನಿಗೆ ರಿಯಾಯಿತಿ ಸಿಗುವುದು ಆ ಪ್ರಮಾಣಪತ್ರದಿಂದ, ನೀವು ಪ್ರಿಂಟ್ ಹಾಕಿಸಿದ ಚೆಂದದ ರಸೀದಿಯಿಂದ ಅಲ್ಲ. ತಡವಾದರೆ ದಿನಕ್ಕೆ 200 ರೂಪಾಯಿ.

ಯಾರಾದರೂ ಅಪ್ಪ ಅಮ್ಮನ ಹೆಸರಿನಲ್ಲಿ ದತ್ತಿ ಇಡುತ್ತೇವೆ, ಬಡ್ಡಿಯಲ್ಲಿ ಪ್ರತಿ ವರ್ಷ ಬಹುಮಾನ ಕೊಡಿ ಎಂದರೆ ಅವರಿಂದ ಹಾಗೆಂದು ಪತ್ರ ಬರೆಸಿಕೊಳ್ಳಿ. ಪತ್ರವಿದ್ದರೆ ಅದು ಮೂಲನಿಧಿ, ಬೇರೆಯಾಗಿ ಠೇವಣಿ ಇಡಬಹುದು. ಪತ್ರವಿಲ್ಲದಿದ್ದರೆ ಅದೂ ಆ ವರ್ಷದ ಆದಾಯಕ್ಕೇ ಸೇರುತ್ತದೆ.

ಖರ್ಚು ಮಾಡುವ ನಿಯಮ

ವಿನಾಯಿತಿ ಉಳಿಯಬೇಕಾದರೆ ವರ್ಷದ ಆದಾಯದಲ್ಲಿ 85% ಅದೇ ವರ್ಷ ಉದ್ದೇಶಕ್ಕೆ ಖರ್ಚಾಗಬೇಕು. 15% ಉಳಿಸಿಕೊಳ್ಳಬಹುದು. ಕಟ್ಟಡಕ್ಕೆ ಕೂಡಿಡುತ್ತಿದ್ದೇವೆ ಅಂದರೆ ಯಾವ ಕೆಲಸಕ್ಕೆ, ಎಷ್ಟು ವರ್ಷ ಎಂದು ಗಡುವಿನೊಳಗೆ ಇಲಾಖೆಗೆ ತಿಳಿಸಿ 5 ವರ್ಷದವರೆಗೆ ಇಟ್ಟುಕೊಳ್ಳಬಹುದು. ಬಿಲ್ ಬಂದರೆ ಸಾಲದು, ಮಾರ್ಚ್ 31ರೊಳಗೆ ದುಡ್ಡು ಪಾವತಿಯಾಗಿರಬೇಕು. ಮಾರ್ಚ್ ಕೊನೆ ವಾರದಲ್ಲಿ ಚೆಕ್ ಬರೆದು ಮೇಜಿನ ಡ್ರಾಯರಿನಲ್ಲಿಟ್ಟರೆ ಅದು ಖರ್ಚಲ್ಲ.

ಉಳಿದ ಹಣ ಬ್ಯಾಂಕಿನಲ್ಲೋ ಪೋಸ್ಟಾಫೀಸಿನಲ್ಲೋ ಇರಲಿ. ಚೀಟಿ ಹಾಕುವುದು, ಟ್ರಸ್ಟಿಯೊಬ್ಬರಿಗೆ ಮಗಳ ಮದುವೆಗೆ ಕೈಸಾಲ ಕೊಡುವುದು, ಬಡ್ಡಿ ಜಾಸ್ತಿ ಎಂದು ಖಾಸಗಿಯವರ ಹತ್ತಿರ ಇಡುವುದು, ಯಾವುದೂ ನಡೆಯುವುದಿಲ್ಲ. ಮೂರೇ ತಿಂಗಳಲ್ಲಿ ವಾಪಸ್ ಕೊಟ್ಟರೂ ತಪ್ಪು ತಪ್ಪೇ. ಟ್ರಸ್ಟಿಯ ತಂಗಿಗೆ ಕೆಲಸ ಕೊಡಬಾರದೇ ಎಂದು ಕೇಳುತ್ತಾರೆ. ಕೊಡಬಹುದು, ಕೆಲಸ ನಿಜವಾಗಿ ಮಾಡುತ್ತಿದ್ದರೆ, ಸಂಬಳ ಊರಿನಲ್ಲಿ ಬೇರೆಯವರಿಗೆ ಕೊಡುವಷ್ಟೇ ಆಗಿದ್ದರೆ. ಒಬ್ಬರಿಗೆ ಒಂದು ದಿನ 10,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ಆ ಖರ್ಚನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಡುಗೆಯವರು, ಪೆಂಡಾಲಿನವರು ನಗದೇ ಕೇಳುತ್ತಾರೆ. ಈಗಂತೂ ಅವರ ಹತ್ತಿರವೂ ಕ್ಯೂಆರ್ ಕೋಡ್ ಇದೆ.

ಅಮೆರಿಕದ ಗೆಳೆಯ ಹಣ ಕಳಿಸಿದರೆ

ಹಳೇ ವಿದ್ಯಾರ್ಥಿಗಳೆಂದರೆ ಒಬ್ಬಿಬ್ಬರಾದರೂ ಹೊರದೇಶದಲ್ಲಿ ಇರುತ್ತಾರೆ. ಅವರೇ ಮೊದಲು ಕೈ ಎತ್ತುವವರೂ ಹೌದು. ಇಲ್ಲಿ ಒಂದೇ ಪ್ರಶ್ನೆ ಕೇಳಿ: ಪಾಸ್‌ಪೋರ್ಟ್ ಯಾವುದು? ಭಾರತದ ಪಾಸ್‌ಪೋರ್ಟ್ ಇರುವ ಎನ್‌ಆರ್‌ಐ ತನ್ನ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆಯಲ್ಲ. ಅಲ್ಲಿನ ಪೌರತ್ವ ತೆಗೆದುಕೊಂಡಿದ್ದರೆ, ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ ಸರಿ, ಅದು ವಿದೇಶಿ ದೇಣಿಗೆ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಅಥವಾ ಮುಂಗಡ ಅನುಮತಿ ಇಲ್ಲದೆ ಸಾವಿರ ರೂಪಾಯಿಯನ್ನೂ ಮುಟ್ಟುವ ಹಾಗಿಲ್ಲ. ಊರಿಗೆ ಬಂದಾಗ ಕೈಯಲ್ಲಿ ರೂಪಾಯಿ ಕೊಟ್ಟರೂ ಅದು ವಿದೇಶಿ ದೇಣಿಗೆಯೇ.

ಆ ನೋಂದಣಿಗೆ ಸಂಸ್ಥೆ ಮೂರು ವರ್ಷ ಹಳೆಯದಾಗಿರಬೇಕು, ಆ ಮೂರು ವರ್ಷಗಳಲ್ಲಿ ಒಟ್ಟು 15 ಲಕ್ಷ ರೂಪಾಯಿ ತನ್ನ ಉದ್ದೇಶಕ್ಕೆ ಖರ್ಚು ಮಾಡಿರಬೇಕು. ಹಣ ಬರುವ ಖಾತೆ ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯಲ್ಲೇ ಇರಬೇಕು. ಹೊಸಬರು ಇದರ ಗೊಡವೆಗೆ ಹೋಗದಿರುವುದು ಒಳ್ಳೆಯದು. ನಮ್ಮ ಡಲ್ಲಾಸಿನ ಗೆಳತಿಗೆ ಹಣ ಬೇಡ ಎಂದು ಹೇಳಿದಾಗ ಅವಳಿಗೆ ನೋವಾಯಿತು. ಈಗ ಪ್ರತಿ ಶನಿವಾರ ರಾತ್ರಿ ಅವಳು ವಿಡಿಯೊದಲ್ಲಿ ಹತ್ತನೇ ತರಗತಿಯವರಿಗೆ ಇಂಗ್ಲಿಷ್ ಹೇಳಿಕೊಡುತ್ತಾಳೆ. ಅದಕ್ಕೆ ಯಾವ ಅನುಮತಿಯೂ ಬೇಕಿಲ್ಲ.

ಸಿಎಸ್‌ಆರ್ ಬಗ್ಗೆಯೂ ಕೇಳುತ್ತಾರೆ, ಚಿಕ್ಕದಾಗಿ ಹೇಳುತ್ತೇನೆ. 12ಎ, 80ಜಿ ಎರಡೂ ಇರಬೇಕು, ಮೂರು ವರ್ಷ ಕೆಲಸ ಮಾಡಿದ ದಾಖಲೆ ಇರಬೇಕು, ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಸಿಎಸ್‌ಆರ್-1 ಫಾರಂ ಹಾಕಿ ಸಂಖ್ಯೆ ಪಡೆದಿರಬೇಕು. ಸ್ವಯಂಸೇವಾ ಸಂಸ್ಥೆಗಳ ಪಟ್ಟಿ ಇಡುವ ನೀತಿ ಆಯೋಗದ ದರ್ಪಣ್ ಪೋರ್ಟಲ್‌ನಲ್ಲಿ ಹೆಸರು ಸೇರಿಸುವುದು ಉಚಿತ, ಅದನ್ನು ಮೊದಲ ವರ್ಷವೇ ಮಾಡಿಬಿಡಿ.

ವರ್ಷದ ದಿನಾಂಕಗಳು

ನಮ್ಮ ಗ್ರಂಥಾಲಯದ ಬೀರುವಿನ ಬಾಗಿಲ ಒಳಗಡೆ ಒಂದು ಕಾಗದ ಅಂಟಿಸಿದ್ದೇವೆ. ಮೇ 31, ದಾನಿಗಳ ಪಟ್ಟಿ. ಸೆಪ್ಟೆಂಬರ್ 30, ಆಡಿಟ್ ವರದಿ. ಅಕ್ಟೋಬರ್ 31, ರಿಟರ್ನ್ಸ್. ಮಾರ್ಚ್ ಮೊದಲ ಭಾನುವಾರ, ಎಷ್ಟು ಖರ್ಚಾಗಿದೆ ಎಂದು ನೋಡಲು ಟ್ರಸ್ಟಿಗಳ ಸಭೆ. ಉದ್ದೇಶ ತಿದ್ದಿದರೆ 30 ದಿನದೊಳಗೆ ಇಲಾಖೆಗೆ ಅರ್ಜಿ. ರಸೀದಿ, ವೋಚರ್, ನಡಾವಳಿ ಪುಸ್ತಕ 10 ವರ್ಷ ಎಸೆಯುವ ಹಾಗಿಲ್ಲ. ಎಲ್ಲಕ್ಕಿಂತ ಕೆಳಗೆ ಕೆಂಪು ಶಾಯಿಯಲ್ಲಿ 80ಜಿ ನವೀಕರಣಕ್ಕೆ ಅರ್ಜಿ ಹಾಕಬೇಕಾದ ತಿಂಗಳು, ವರ್ಷ. ಅದರ ಪಕ್ಕದಲ್ಲಿ ಇಬ್ಬರು ಟ್ರಸ್ಟಿಗಳ ಹೆಸರಿದೆ. ಒಬ್ಬರು ಮರೆತರೆ ಇನ್ನೊಬ್ಬರು ನೆನಪಿಸಲಿ ಅಂತ.